ಶುಕ್ರವಾರ ಹೆಣ್ಣು ಕಳಿಸದ ಮನೆ

ಶರಣಬಸಮ್ಮ ಮೊದಲ ಸಲ ಸುಳ್ಳು ಹೇಳಿದ್ದು ಜ್ವರದ ಹೆಸರಿನಲ್ಲಿ. ಅಳಿಯ ಅಣವೀರ ಸೇಡಂ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದ್ದ. ಶಹಾಬಾದದಿಂದ ಬಂದಿಳಿದಿದ್ದೇನೆ, ಅಂಬಿಕಾಳನ್ನು ಕರೆದುಕೊಂಡು ಬನ್ನಿ ಎಂದಿದ್ದ. ಅಳಿಯ ಅನ್ನುವುದು ಬಾಯಿ ರೂಢಿ ಅಷ್ಟೇ. ಮಗಳು ಜಯಮಾಲಾಳಿಗೂ ಅವನಿಗೂ ಕೋರ್ಟಿನಲ್ಲಿ ಬಿಡುಗಡೆಯಾಗಿ ಆಗ ಎರಡು ವಾರ ಕಳೆದಿತ್ತು. ಎರಡನೇ ಮತ್ತು ನಾಲ್ಕನೇ ಶುಕ್ರವಾರ ಸಂಜೆ ಮಗಳನ್ನು ಅಪ್ಪನ ಕೈಗೆ ಒಪ್ಪಿಸಬೇಕು, ಅವನು ರವಿವಾರ ಸಂಜೆ ಹೊಳ್ಳಿ ತಂದು ಬಿಡಬೇಕು ಎಂದು ಕೋರ್ಟಿನ ಕಾಗದದಲ್ಲಿ ಬರೆದಿತ್ತು. ಅವತ್ತು ಆ ಲೆಕ್ಕದ ಮೊದಲ ಶುಕ್ರವಾರ.

ಹೊತ್ತು ಮುಳುಗಿತ್ತು. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಎಂಟು ವರ್ಷದ ಅಂಬಿಕಾ ಹತ್ತಿರದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಳು. ಅವಳ ಬಟ್ಟೆಯ ಚೀಲವನ್ನು ಜಯಮಾಲಾ ಬೆಳಿಗ್ಗೆ ತೊಗರಿಬೇಳೆ ಮಿಲ್ಲಿಗೆ ಹೋಗುವ ಮೊದಲೇ ತುಂಬಿಟ್ಟಿದ್ದಳು. ಶರಣಬಸಮ್ಮ ಆ ಚೀಲ ನೋಡಿದಳು, ದೀಪ ನೋಡಿದಳು.

"ಹುಡುಗಿಗಿ ಜ್ವರ ಬಂದಾವಪ್ಪ," ಎಂದಳು ಫೋನಿನಲ್ಲಿ. "ಮೈ ಸುಡಾಕತ್ತದ. ನಾಳಿ ಮುಂಜಾನಿ ಬಾ."

ಅಂಬಿಕಾ ಬರೆಯುವುದನ್ನು ನಿಲ್ಲಿಸಿ, ಪೆನ್ಸಿಲ್ ಹಿಡಿದ ಕೈಯಿಂದಲೇ ತನ್ನ ಹಣೆ ಮುಟ್ಟಿ ನೋಡಿಕೊಂಡಳು.

ಅಣವೀರ ಮರುದಿನ ಬರಲಿಲ್ಲ. ಅವನು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರಖಾನೆಯಲ್ಲಿ ಮಷಿನ್ ನಡೆಸುವವನು. ಶನಿವಾರ ಮಾಲು ತುಂಬುವ ದಿನ. ಅವತ್ತು ಕೆಲಸಕ್ಕೆ ಸೂಟಿ ಕೇಳಿದರೆ ಮಾಲಕ ಮುಖ ನೋಡುವುದಿಲ್ಲ. ಶುಕ್ರವಾರ ರಾತ್ರಿಯೊಳಗೆ ಮಗಳನ್ನು ಮನೆ ಸೇರಿಸಿದರೆ, ಶನಿವಾರ ಮಧ್ಯಾಹ್ನದ ತನಕ ಅವನ ತಾಯಿ ನೋಡಿಕೊಳ್ಳುತ್ತಾಳೆ, ಆಮೇಲೆ ರವಿವಾರ ಪೂರ್ತಿ ಮಗಳ ಜೊತೆ ಅವನದು. ಶುಕ್ರವಾರ ಎಂದು ಬರೆಸಿದ್ದೇ ಅದಕ್ಕೆ.

ಅದನ್ನು ಬರೆಸುವಾಗ ಶರಣಬಸಮ್ಮ ಅಲ್ಲೇ ಇದ್ದಳು. ಇವರ ವಕೀಲರು ಮುಕ್ರಮ ಸಾಹೇಬರು ಸಾವಕಾಶದ ಮನುಷ್ಯ. ಕಾಗದ ಇಂಗ್ಲಿಷಿನಲ್ಲಿದ್ದರೂ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ, ಮುದುಕಿಯ ಮುಖ ನೋಡಿ ಮುಂದಕ್ಕೆ ಹೋಗಿದ್ದರು. ಹುಡುಗಿ ತಾಯಿಯ ಹತ್ತಿರ ಇರುವುದು ಎಂದಾಗ ಅವಳು ತಲೆಯಾಡಿಸಿದಳು. ಶುಕ್ರವಾರ ಸಂಜೆ ಎಂದಾಗ ತಲೆಯಾಡಿಸಲಿಲ್ಲ. ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಅಣವೀರ ಪೆನ್ನು ಕೈಗೆ ತೆಗೆದುಕೊಂಡಿದ್ದ. ಮೂರು ವರ್ಷ ಒಂದು ಮಾತಿಗೂ ಒಪ್ಪದ ಇಬ್ಬರು ಅವತ್ತು ಒಪ್ಪಿ ಕೂತಿದ್ದರು. ತಾನೊಂದು ಮಾತು ಎತ್ತಿದರೆ ಅದು ಮತ್ತೆ ಮುರಿದು ಬಿದ್ದರೆ? ಕಾಗದದಲ್ಲಿ ಏನಾದರೂ ಇರಲಿ, ಆಮೇಲೆ ನಮ್ಮ ನಮ್ಮೊಳಗೆ ಹೊಂದಿಸಿಕೊಂಡು ಹೋದರಾಯಿತು ಎಂದುಕೊಂಡು ಅವಳು ಸುಮ್ಮನಾದಳು. ಊರ ಹಿರಿಯರು ಕೂತು ಮಾಡಿದ ನ್ಯಾಯಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಲ್ಲಿ ಸೋಮವಾರ ಎಂದದ್ದು ಬುಧವಾರ ಆಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಕೋರ್ಟಿನ ಕಾಗದವೂ ಹಾಗೇ ಎಂದು ತಿಳಿದಳು.

ಶರಣಬಸಮ್ಮನ ತವರು ಚಿಂಚೋಳಿ ತಾಲೂಕಿನ ಕೊಡ್ಲಿ. ಮೂರನೇ ಕ್ಲಾಸಿನ ತನಕ ಓದಿ, ಹದಿನೈದಕ್ಕೆ ಲಗ್ನವಾಗಿ ಸೇಡಮ್ಮಿಗೆ ಬಂದವಳು. ಗಂಡ ಸಾಯಬಣ್ಣ ಹಮಾಲಿ ಮಾಡುತ್ತಿದ್ದ. ಜಯಮಾಲಾ ಇನ್ನೂ ಸಾಲಿಗೆ ಹೋಗುವಾಗಲೇ ತೀರಿಕೊಂಡ. ಅಂದಿನಿಂದ ಇವಳು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾ ಬಂದಿದ್ದಳು. ನಸುಕಿಗೆ ಎದ್ದು ಒಲೆ ಹಚ್ಚಿದರೆ ಹತ್ತು ಗಂಟೆಯ ತನಕ ಅವಳ ಮನೆಯಿಂದ ರೊಟ್ಟಿ ತಟ್ಟುವ ಸಪ್ಪಳ. ಓಣಿಯ ಹೆಣ್ಣುಮಕ್ಕಳು ಒಲೆಯ ಮುಂದೆ ಬಂದು ಕೂತು ತಮ್ಮ ಮನೆಯ ಮಾತೆಲ್ಲ ಹೇಳಿ ಹೋಗುತ್ತಿದ್ದರು. ಅವಳು ಹೂಂ ಅನ್ನುತ್ತ ಕೇಳುವಳು, ಒಬ್ಬರದು ಇನ್ನೊಬ್ಬರಿಗೆ ದಾಟಿಸುವವಳಲ್ಲ. ತನ್ನದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಹೇಳದೆ ಇಟ್ಟುಕೊಂಡಿದ್ದ ಮಾತು ಒಂದಿತ್ತು. ಅವಳ ತವರಿನಲ್ಲೂ, ಗಂಡನ ಮನೆಯಲ್ಲೂ ಶುಕ್ರವಾರ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಮಗಳಿರಲಿ, ಸೊಸೆಯಿರಲಿ, ತೊಟ್ಟಿಲ ಕೂಸಿರಲಿ, ಅವತ್ತು ಹೊರಟರೆ ಮನೆಯ ಲಕ್ಷ್ಮಿ ಅವಳ ಬೆನ್ನಿಗೇ ಹೊರಟಳು ಎಂದೇ ಲೆಕ್ಕ. ಈ ನೇಮವನ್ನು ಶರಣಬಸಮ್ಮ ಜನ್ಮದಲ್ಲಿ ಒಂದೇ ಸಲ ಮುರಿದಿದ್ದಳು. ಜಯಮಾಲಾ ಬಾಣಂತನಕ್ಕೆ ಬಂದವಳು ಐದು ತಿಂಗಳ ಅಂಬಿಕಾಳನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವುದಿತ್ತು. ಅಣವೀರ ಹೇಳದೆ ಕೇಳದೆ ಟೆಂಪೋದಲ್ಲಿ ಬಂದ. ಸೇಡಮ್ಮಿನ ಯಾರದೋ ಮನೆಗೆ ಕಲ್ಲು ಇಳಿಸಿ ಗಾಡಿ ಖಾಲಿ ಹೊರಟಿದೆ, ಬಾಣಂತಿ ಕೂಸು ಮುಂದೆ ಆರಾಮ ಕೂತು ಬರಬಹುದು, ಬಸ್ಸಿನ ಗದ್ದಲ ಬೇಡ ಎಂದ. ಅವತ್ತು ಶುಕ್ರವಾರ. ಅವನ ಮುಖದಲ್ಲಿದ್ದ ಹುರುಪು ನೋಡಿ ಅವಳಿಗೆ ಬೇಡ ಅನ್ನಲು ಆಗಲಿಲ್ಲ. ಟೆಂಪೋ ಓಣಿಯ ಮೂಲೆ ತಿರುಗುವಾಗ ಕೂಗಿ ನಿಲ್ಲಿಸಬೇಕು ಎನ್ನಿಸಿತು. ಕೂಗಲಿಲ್ಲ.

ನಾಲ್ಕೂವರೆ ವರ್ಷಕ್ಕೆ ಜಯಮಾಲಾ ಮಗಳ ಕೈ ಹಿಡಿದು ವಾಪಸ್ಸು ಬಂದಳು. ಯಾಕೆ ಕೆಟ್ಟಿತು ಎಂದು ಜನ ಹತ್ತು ಕಾರಣ ಹೇಳಿದರು. ಅಣವೀರ ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಾನೆ, ಅವನ ತಾಯಿಯ ನಾಲಿಗೆ ಚೂಪು, ಜಯಮಾಲಾಳಿಗೆ ದುಡಿಯುವ ಹಟ, ಒಂದು ದಿನ ಕೈ ಎತ್ತಿದನಂತೆ. ಎಲ್ಲವೂ ಖರೇ ಇದ್ದವು. ಶರಣಬಸಮ್ಮ ಎಲ್ಲವನ್ನೂ ಕೇಳಿ ಹೂಂ ಎಂದಳು. ಅವಳ ಮನಸ್ಸಿನಲ್ಲಿ ಮಾತ್ರ ಅದು ಕೆಟ್ಟದ್ದು ಆ ಟೆಂಪೋ ಹೊರಟ ದಿನವೇ, ಕಳಿಸಿದವಳು ತಾನೇ. ಈಗ ಅದೇ ಕೂಸನ್ನು ಅದೇ ವಾರ ಅದೇ ಶಹಾಬಾದಕ್ಕೆ ತನ್ನ ಕೈಯಿಂದಲೇ ಮತ್ತೆ ಕಳಿಸು ಅಂದರೆ?

ಹೀಗೆ ಎರಡನೇ ಸಲವೂ ಜ್ವರ ಬಂತು. ಮೂರನೇ ಸಲ ವಾಂತಿ ಸೇರಿತು. ಶ್ರಾವಣದ ಶುಕ್ರವಾರಗಳಲ್ಲಂತೂ ಕೇಳುವುದೇ ಬೇಡ. ಅಣವೀರ ಬಸ್ ಸ್ಟ್ಯಾಂಡಿನಲ್ಲಿ ಕೂತು, ಫೋನ್ ಮಾಡಿ, ಹೊಳ್ಳಿ ಹೋದ. ಮನೆಗೆ ಬಂದು ಬಾಗಿಲು ಬಡಿಯುವ ಮುಖ ಅವನಿಗಿರಲಿಲ್ಲ. ಒಂದು ಸಲ ಆ ಬಾಗಿಲಲ್ಲೇ ಜಗಳವಾಗಿ ಓಣಿಯೆಲ್ಲ ಕೂಡಿತ್ತು. ಜಯಮಾಲಾ ಮಿಲ್ಲಿನಿಂದ ಬಂದು, ತುಂಬಿದ ಚೀಲ ಹಾಗೇ ಇರುವುದನ್ನು ಕಂಡು ಕೇಳಿದರೆ, ಅವನು ಬರಲಿಲ್ಲ ಎಂದು ತಾಯಿ ಹೇಳುವಳು. ಜಯಮಾಲಾ ಮುಖ ಸಿಂಡರಿಸಿ ಚೀಲ ಬಿಚ್ಚುವಳು. ಕಾಗದಕ್ಕೆ ಸಹಿ ಹಾಕುವಾಗ ಇದ್ದ ಮಗಳು ಈಗ ನೆನಪಿಲ್ಲ ಅವನಿಗೆ ಅನ್ನುವಳು. ಎರಡೂ ಮಾತು ಅಂಬಿಕಾಳ ಕಿವಿಗೆ ಬೀಳುತ್ತಿದ್ದವು. ಅವಳು ಒಂದಕ್ಕೂ ಏನೂ ಅನ್ನುತ್ತಿರಲಿಲ್ಲ.

ಐದು ಶುಕ್ರವಾರ ಹೀಗೆ ಹೋದ ಮೇಲೆ ಕೋರ್ಟಿನಿಂದ ನೋಟಿಸು ಬಂತು.

ಜಯಮಾಲಾ ಅದನ್ನು ಹಿಡಿದುಕೊಂಡು ಮಧ್ಯಾಹ್ನದ ಹೊತ್ತಿನಲ್ಲೇ ಮುಕ್ರಮ ಸಾಹೇಬರ ಹತ್ತಿರ ಹೋದಳು, ತಾಯಿಯೂ ಜೊತೆಗಿದ್ದಳು. ಅವರು ಓದಿ ಹೇಳಿದರು. ತಂದೆ ಐದು ಸಲ ಬಂದಿದ್ದಾನೆ, ಐದು ಸಲವೂ ಮಗಳಿಗೆ ಆರಾಮಿಲ್ಲ ಎಂದು ಹೊಳ್ಳಿ ಕಳಿಸಿದ್ದಾರೆ. ಆದರೆ ಆ ಐದೂ ಶುಕ್ರವಾರ ಮತ್ತು ಅವುಗಳ ಮರುದಿನ ಹುಡುಗಿ ಸಾಲಿಗೆ ಹಾಜರಿದ್ದಾಳೆ. ಹಾಜರಿ ಪುಸ್ತಕದ ನಕಲು ಜೊತೆಗಿಟ್ಟಿದ್ದಾರೆ. ಕೋರ್ಟಿನ ಮಾತು ಮೀರಿ, ಸುಳ್ಳು ಹೇಳಿ ಮಗುವನ್ನು ತಂದೆಯಿಂದ ದೂರ ಮಾಡುವ ಮನೆಯಲ್ಲಿ ಅವಳು ಬೆಳೆಯಬಾರದು, ಮಗಳನ್ನು ಪೂರ್ತಿ ತನ್ನ ವಶಕ್ಕೇ ಕೊಡಬೇಕು ಎಂದು ಕೇಳಿದ್ದಾನೆ.

"ಬಂದಿದ್ದನಾ?" ಎಂದಳು ಜಯಮಾಲಾ ತಾಯಿಯ ಕಡೆ ತಿರುಗಿ. "ಐದು ಸಲ ಬಂದಿದ್ದನಾ ಅಂವ?"

ಶರಣಬಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ವಕೀಲರ ಎದುರು ಶುಕ್ರವಾರದ ಮಾತು ಮೊದಲ ಸಲ ಹೊರಗೆ ಬಂತು. ಟೆಂಪೋದ ಮಾತು ಮಾತ್ರ ಆಗಲೂ ಬರಲಿಲ್ಲ. ಮುಕ್ರಮ ಸಾಹೇಬರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಆಯಿ, ಅವತ್ತ ನನಗ ಒಂದ ಮಾತು ಅಂದಿದ್ರ ಶನಿವಾರ ಅಂತ ಬರಸ್ತಿದ್ದೆ," ಎಂದರು. "ಒಂದ ಅಕ್ಷರದ ಕೆಲಸ ಇತ್ತು ಅದು. ಈಗ ಹುಡುಗಿನೇ ಹೋಗೋ ಹೊತ್ತು ಬಂದದ."

ಅವತ್ತಿನಿಂದ ಜಯಮಾಲಾ ತಾಯಿಯ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತು. ಮರುದಿನದಿಂದ ಸಾಲಿ ಬಿಡುವ ಹೊತ್ತಿಗೆ ಅಂಬಿಕಾ ಓಣಿಯ ನೂರಜಹಾನಳ ಮನೆಗೆ ಹೋಗಿ ಕೂಡುವುದು ಎಂದಾಯಿತು. ನೂರಜಹಾನ್ ಬಟ್ಟೆ ಹೊಲಿಯುವವಳು, ಮನೆಯಲ್ಲೇ ಇರುವವಳು. ಜಯಮಾಲಾ ಮಿಲ್ಲಿನಿಂದ ಬಂದು ಅಲ್ಲಿಂದಲೇ ಮಗಳನ್ನು ಕರೆದುಕೊಂಡು ಬರುವಳು. ನಡುವೆ ಬಂದ ಒಂದು ಶುಕ್ರವಾರ ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ ತಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಮಗಳನ್ನು ಅವನಿಗೆ ಒಪ್ಪಿಸಿ ಬಂದಳು. ಶರಣಬಸಮ್ಮ ಅವತ್ತು ಒಳಗಿನ ಖೋಲಿಯಿಂದ ಹೊರಗೆ ಬರಲಿಲ್ಲ. ಹುಡುಗಿ ರವಿವಾರ ಸುಖವಾಗಿ ತಿರುಗಿ ಬಂದಳು, ಕೈತುಂಬ ಬಳೆ ಇಟ್ಟುಕೊಂಡು. ಮುದುಕಿಗೆ ಅದರಿಂದಲೂ ಸಮಾಧಾನವಾಗಲಿಲ್ಲ. ಆ ಟೆಂಪೋ ಹೋದ ಮೇಲೂ ಮೊದಲು ಎಲ್ಲ ಸುಖವಾಗೇ ಇತ್ತು.

ವಿಚಾರಣೆಯ ದಿನ ನ್ಯಾಯಾಧೀಶರು ಮೊದಲು ಅಂಬಿಕಾಳನ್ನು ತಮ್ಮ ಖೋಲಿಗೆ ಕರೆಸಿ ಮಾತಾಡಿಸಿದರು. ಹೆಣ್ಣುಮಗಳು ಅವರು, ಮೈಸೂರು ಕಡೆಯ ಮಾತು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಹುಡುಗಿ ಅತ್ತು ಮುಖ ತೊಳೆದುಕೊಂಡ ಹಾಗಿತ್ತು. ಆಮೇಲೆ ಒಳಗೆ ಇಬ್ಬರೂ ವಕೀಲರು, ಜಯಮಾಲಾ, ಅಣವೀರ, ಕೊನೆಗೆ ಶರಣಬಸಮ್ಮ.

"ಅಜ್ಜಿ, ಮಗು ಏನು ಹೇಳ್ತು ಗೊತ್ತಾ?" ಎಂದರು ನ್ಯಾಯಾಧೀಶರು. "ಐದು ಸಲವೂ ನನಗೆ ಜ್ವರ ಇತ್ತು, ನಮ್ಮ ಆಯಿ ಸುಳ್ಳು ಹೇಳೋಲ್ಲ ಅಂತು. ಸ್ಕೂಲಿಗೆ ಹೋಗಿದ್ದೆಯಲ್ಲ ಅಂದ್ರೆ, ಜ್ವರ ಇಟ್ಕೊಂಡೇ ಹೋಗಿದ್ದೆ ಅಂತು. ನೀವು ಹೇಳಿಕೊಟ್ಟಿದ್ರಾ?"

ಶರಣಬಸಮ್ಮ ಹೇಳಿಕೊಟ್ಟಿರಲಿಲ್ಲ. ನೋಟಿಸು ಬಂದ ಮೇಲೆ ಹುಡುಗಿಯ ಎದುರು ಜ್ವರ ಎನ್ನುವ ಶಬ್ದವನ್ನೂ ಎತ್ತಿರಲಿಲ್ಲ. ಆ ಎಂಟು ವರ್ಷದ ಜೀವ ತಾನಾಗಿಯೇ ಅಜ್ಜಿಯನ್ನು ಉಳಿಸಲು ನಿಂತಿತ್ತು. ಜ್ವರ ಇದ್ದವು ರೀ ಎಂದುಬಿಟ್ಟರೆ ಅಜ್ಜಿ ಮೊಮ್ಮಗಳ ಮಾತು ಒಂದಾಗುತ್ತಿತ್ತು. ಅವಳಿಗೆ ಆ ಆಸೆಯೂ ಆಯಿತು, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಒಂದ ಸಲನೂ ಜ್ವರ ಇರಲಿಲ್ಲರಿ," ಎಂದಳು. "ನಾನೇ ಸುಳ್ಳು ಹೇಳಿದೆ. ಹುಡುಗಿ ನನ್ನ ಸಲುವಾಗಿ ಹೇಳ್ಯಾಳ, ಅಕಿಗಿ ಏನೂ ಅನಬ್ಯಾಡ್ರಿ. ನನ್ನ ಮಗಳಿಗೂ ಗೊತ್ತಿರಲಿಲ್ಲ."

ಯಾಕೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು. ಶುಕ್ರವಾರದ್ದು ಹೇಳಿದಳು, ಕಾಗದಕ್ಕೆ ಸಹಿ ಹಾಕುವಾಗ ಬಾಯಿ ಮುಚ್ಚಿದ್ದು ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ಟೆಂಪೋದ ಮಾತನ್ನೂ ಹೇಳಿದಳು. ಮೊದಲ ಸಲ ಶುಕ್ರವಾರ ಕಳಿಸಿ ಮಗಳ ಸಂಸಾರ ಕಳೆದೆ, ಇನ್ನೊಮ್ಮೆ ಕಳಿಸಿ ಮೊಮ್ಮಗಳನ್ನೂ ಕಳೆಯುವ ಧೈರ್ಯ ಆಗಲಿಲ್ಲ ಎಂದಳು. ಅಣವೀರ ತಲೆ ತಗ್ಗಿಸಿ ಕೂತಿದ್ದ. ಜಯಮಾಲಾ ತಾಯಿಯನ್ನೇ ನೋಡುತ್ತಿದ್ದಳು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಆದರೆ ಮಾತು ಬಿಗಿಯಾಗಿತ್ತು. ವಾರ ಯಾವುದು ಎಂದು ಮೊದಲೇ ಹೇಳಿದ್ದರೆ ಬೇರೆ ಮಾತಿತ್ತು, ಈಗ ತಂದೆಯ ಕೆಲಸಕ್ಕೆ ಹೊಂದುವ ವಾರ ಅದೇ, ಅದೇ ಇರಲಿ ಎಂದರು. ಮಗು ಸದ್ಯ ತಾಯಿಯ ಹತ್ತಿರವೇ ಇರಬೇಕು. ತಪ್ಪಿದ ದಿನಗಳ ಬದಲಿಗೆ ಬೇಸಿಗೆ ರಜೆಯಲ್ಲಿ ಇಪ್ಪತ್ತು ದಿನ ತಂದೆಯ ಮನೆಯಲ್ಲಿ ಇರಬೇಕು. ಇನ್ನೊಂದೇ ಒಂದು ಸಲ ಈ ಮನೆಯಿಂದ ಇಂಥದು ನಡೆದರೆ ಮಗು ಯಾರ ಹತ್ತಿರ ಇರಬೇಕು ಎನ್ನುವುದನ್ನೇ ಮೊದಲಿನಿಂದ ನೋಡುತ್ತೇನೆ ಎಂದು ಜಯಮಾಲಾಳ ಕಡೆ ನೋಡಿ ಹೇಳಿದರು.

ಹೊರಗೆ ಪಡಸಾಲೆಯಲ್ಲಿ ಅಣವೀರ ಮುದುಕಿಯ ಎದುರಿಗೆ ಬಂದು ನಿಂತ. ಸಿಟ್ಟಿಗೆ ಮಾತು ಬಿಡುವ ಮನುಷ್ಯ. ಮಾತು ಹುಡುಕಲು ಅವನಿಗೆ ಹೊತ್ತು ಹಿಡಿಯಿತು.

"ಅತ್ತಿ, ನಮ್ಮ ಅವ್ವನೂ ಶುಕ್ರವಾರ ನಮ್ಮ ಅಕ್ಕಗ ಕಳ್ಸಂಗಿಲ್ಲ," ಎಂದ. "ನನಗ ಹೇಳಿದ್ರ ತಿಳೀತಿರಲಿಲ್ಲೇನು? ಜ್ವರ ಅಂತ ಕೇಳಿ ಮೊದಲ್ನೆ ಸಲ ಅಕಿಗಿ ಅಂತ ಗುಳಿಗಿ ತಗೊಂಡು, ಹೊಳ್ಳಿ ಹೋಗಾಗ ವಾಡಿ ತನಕ ಕೈಯಾಗೇ ಹಿಡ್ಕೊಂಡ ಹೋದೆ. ಕೊಡಾಕರ ಬರಬೇಕಿತ್ತು ಅಂತ ರಾತ್ರಿ ಎಲ್ಲಾ ನಿದ್ದಿ ಇಲ್ಲ. ಆಮ್ಯಾಲ ಸಾಲ್ಯಾಗ ಕೇಳಿದ್ರ, ಅಕಿ ಆಟ ಆಡಾಕತ್ತಾಳ ಅಂದ್ರು."

ಉತ್ತರಕ್ಕೆ ಕಾಯದೆ ಅವನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟ.

ಜಯಮಾಲಾ ಆ ದಿನದಿಂದ ತಾಯಿಯ ಜೊತೆ ಮಾತಾಡತೊಡಗಿದಳು. ಹಿಟ್ಟು ಮುಗಿದಿದೆ, ನಳ ಬಂದಿದೆ, ಇಂಥವು. ಅದಕ್ಕಿಂತ ಹೆಚ್ಚಿಲ್ಲ. ಮುಂದಿನ ಶುಕ್ರವಾರ ಹತ್ತಿರ ಬಂದಂತೆ ಇನ್ನೊಂದು ತೊಡಕು ಬಂತು. ಮಿಲ್ಲಿನಲ್ಲಿ ಕೆಲಸದ ಒತ್ತಡ ಶುರುವಾಗಿತ್ತು. ಅರ್ಧ ದಿನ ಹೋಗುವವರು ಪೂರ್ತಿ ಹೋಗಲಿ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಹಾಗಾದರೆ ಹುಡುಗಿಯನ್ನು ಬಸ್ ಸ್ಟ್ಯಾಂಡಿಗೆ ಒಯ್ಯುವವರು ಯಾರು?

ಈ ಮಾತು ಕೇಳಿ ನೂರಜಹಾನ್ ಮಷಿನ್ ನಿಲ್ಲಿಸಿ ನಕ್ಕಳು. "ಆಯಿ, ನಮ್ಮಲ್ಲಿ ಜುಮ್ಮಾ ಅಂದ್ರ ಭಾಳ ಛಲೋ ದಿನ," ಎಂದಳು. "ಗುರುವಾರನೇ ಹುಡುಗಿಗಿ ನಮ್ಮ ಮನ್ಯಾಗ ಮಲಗಸ್ರಿ. ಶುಕ್ರವಾರ ನಮ್ಮ ಹೊಸ್ತಿಲದಿಂದ ಹೋಗ್ಲಿ. ನಿಮ್ಮ ಲಕ್ಷ್ಮಿಗಿ ಪತ್ತಾನೇ ಹತ್ತಂಗಿಲ್ಲ."

ಶರಣಬಸಮ್ಮನಿಗೂ ನಗು ಬಂತು, ಎಷ್ಟೋ ದಿನದ ಮೇಲೆ. ಅದೇನು ಕೆಟ್ಟ ಯುಕ್ತಿಯಲ್ಲ ಎಂದೂ ಅನ್ನಿಸಿತು. ಜಯಮಾಲಾ ಮಾತ್ರ, ಇನ್ನು ಈ ಮನೆಯಲ್ಲಿ ಆಟ ಕಟ್ಟುವುದು ಬೇಡ ಎಂದಳು.

ಗುರುವಾರ ಮಧ್ಯಾಹ್ನ ಅಣವೀರನ ಫೋನ್ ಬಂತು. ಶನಿವಾರ ಬೆಳಿಗ್ಗೆ ಸೂಟಿ ಹಾಕಿದ್ದೇನೆ ಎಂದ. ಮಾಲಕ ಬೈಯಲಿ, ನೋಡಿಕೊಳ್ಳುತ್ತೇನೆ. ಶುಕ್ರವಾರ ನಿಮಗೆ ಕಷ್ಟ ಬೇಡ, ಶನಿವಾರ ಹೊತ್ತು ಹುಟ್ಟುತ್ತಲೇ ಬಂದು ಕರೆದುಕೊಂಡು ಹೋಗುತ್ತೇನೆ, ನಮ್ಮ ನಮ್ಮೊಳಗಿನ ಮಾತು ಇದು, ಯಾರಿಗೂ ಹೇಳುವುದು ಬೇಕಿಲ್ಲ ಎಂದ. ಊಟಕ್ಕೆಂದು ಮನೆಗೆ ಬಂದಿದ್ದ ಜಯಮಾಲಾ ಒಳಗಿನಿಂದ ಬಂದು ಬಾಗಿಲಿಗೆ ಆನಿಸಿಕೊಂಡು ನಿಂತಳು.

ಮೂರು ತಿಂಗಳ ಹಿಂದೆ ಇದೇ ಮಾತು ಬಂದಿದ್ದರೆ ಶರಣಬಸಮ್ಮ ಅವನಿಗೆ ಅಲ್ಲಿಂದಲೇ ಕೈ ಮುಗಿಯುತ್ತಿದ್ದಳು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ, ಅದು ಅವನ ದನಿಯಲ್ಲೇ ಇತ್ತು. ಆದರೆ ಒಳ್ಳೆಯ ಮನಸ್ಸು ನಾಳೆ ಸಿಟ್ಟಾದರೆ? ಅವನ ತಾಯಿಯೋ ವಕೀಲನೋ ಶುಕ್ರವಾರ ಯಾಕೆ ಕಳಿಸಲಿಲ್ಲ ಎಂದು ಕೇಳಿದರೆ? ಇನ್ನೊಂದೇ ಒಂದು ಸಲ ಎಂದಿದ್ದರು ನ್ಯಾಯಾಧೀಶರು. ನಮ್ಮೊಳಗೆ ಹೊಂದಿಸಿಕೊಳ್ಳುವ ಮಾತು ತಾನೇ ಇಲ್ಲಿಯ ತನಕ ತಂದದ್ದು?

"ಬ್ಯಾಡಪ್ಪ," ಎಂದಳು. "ನೀ ಶುಕ್ರವಾರನೇ ಬಾ. ಕಾಗದದಾಗ ಹ್ಯಾಂಗ ಅದ ಹಾಂಗೇ ಆಗ್ಲಿ. ನಾನೇ ತಂದು ನಿನ್ನ ಕೈಯಾಗ ಕೊಡ್ತೀನಿ."

ಆ ಕಡೆಯಿಂದ ಅಣವೀರ, ನಿಮ್ಮ ಮನಸ್ಸಿಗೆ ಬೇಜಾರಾಗುವುದಿಲ್ಲವೇ ಎಂದು ಕೇಳಿದ. ಆಗ್ತದಪ್ಪ ಎಂದಳು ಶರಣಬಸಮ್ಮ, ಫೋನ್ ಇಟ್ಟಳು. ಜಯಮಾಲಾ ಒಳಗೆ ಹೋಗಿ ಮಗಳ ಚೀಲ ತೆಗೆದು ತಾಯಿಯ ಹತ್ತಿರ ತಂದಿಟ್ಟಳು. ನೋಟಿಸು ಬಂದಾಗಿನಿಂದ ಆ ಚೀಲವನ್ನು ತಾಯಿ ಮುಟ್ಟಲು ಅವಳು ಬಿಟ್ಟಿರಲಿಲ್ಲ.

ಶುಕ್ರವಾರ ಸಂಜೆ ಶರಣಬಸಮ್ಮ ಹುಡುಗಿಯ ತಲೆ ಬಾಚಿದಳು, ಎರಡು ಜಡೆ ಹಾಕಿದಳು. ಹೊಸ್ತಿಲ ಹತ್ತಿರ ಬಂದಾಗ ಕಾಲು ನಿಂತವು. ಅಂಬಿಕಾ ಅಜ್ಜಿಯ ಮುಖ ನೋಡಿದಳು. ಮುದುಕಿ ಹುಡುಗಿಯ ಕೈ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮೊದಲು ತಾನು ದಾಟಿ, ಆಮೇಲೆ ಅವಳನ್ನು ದಾಟಿಸಿಕೊಂಡಳು.

ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಗಳ ಹತ್ತಿರ ಬಂದಾಗ ದೂರದಲ್ಲಿ ಅಪ್ಪ ನಿಂತಿರುವುದು ಕಂಡಿತು. ಆಗ ಅಂಬಿಕಾ ನಡಿಗೆ ನಿಧಾನ ಮಾಡಿದಳು.

"ಆಯಿ, ಅಲ್ಲಿ ಯಾರರ ಕೇಳಿದ್ರ ನಾ ಏನ್ ಹೇಳ್ಲಿ?"

"ಏನ್ ಕೇಳ್ತಾರವ್ವ?"

"ನನಗ ಗೊತ್ತಿಲ್ಲ. ಏನರ ಕೇಳಿದ್ರ. ನೀ ಏನ್ ಹೇಳು ಅಂತಿ ಅದನ್ನ ಹೇಳ್ತೀನಿ."

ಶರಣಬಸಮ್ಮನಿಗೆ ಅಲ್ಲೇ ರಸ್ತೆಯ ಮೇಲೆ ಕೂಡಬೇಕು ಅನ್ನಿಸಿತು. ನ್ಯಾಯಾಧೀಶರು ಬರೆದ ಕಾಗದದಲ್ಲಿ ಇದು ಇರಲಿಲ್ಲ. ಇದನ್ನು ಸರಿ ಮಾಡಲು ಇಪ್ಪತ್ತು ದಿನವೂ ಸಾಲದು, ಇಪ್ಪತ್ತು ವರ್ಷವೂ ಸಾಲದೇನೋ. ಅವಳು ಬಗ್ಗಿ ಹುಡುಗಿಯ ಸಮಕ್ಕೆ ಬಂದಳು.

"ಖರೇ ಏನದ ಅದನ್ನ ಹೇಳವ್ವ," ಎಂದಳು. "ನಾ ಹೇಳಿದ್ದು ಬ್ಯಾಡ."

ಅಂಬಿಕಾ ತಲೆಯಾಡಿಸಿದಳು. ತಿಳಿಯಿತೋ ಇಲ್ಲವೋ, ಮುದುಕಿಗೆ ಗೊತ್ತಾಗಲಿಲ್ಲ. ಅಣವೀರ ಮುಂದೆ ಬಂದು ಚೀಲ ತೆಗೆದುಕೊಂಡ. ಬಸ್ಸಿನ ಕಿಟಕಿಯಲ್ಲಿ ಕೂತ ಹುಡುಗಿ ಅಜ್ಜಿಯನ್ನೂ ಅಪ್ಪನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು, ಯಾರ ಮುಖ ಹೇಗಿದೆ ಎಂದು ತೂಗಿ ನೋಡುವವಳ ಹಾಗೆ. ಬಸ್ಸು ಹೊರಟ ಮೇಲೂ ಶರಣಬಸಮ್ಮ ಅಲ್ಲೇ ನಿಂತಿದ್ದಳು. ರವಿವಾರ ಸಂಜೆಗೆ ಎರಡು ದಿನ ಇತ್ತು.